ಹುಲಿಯ ಸದ್ದಿನಲ್ಲಿ ಮರೆಯಾದ ಪುಸ್ತಕಗಳು

ವಸ್ತು ಸಂಗ್ರಹಾಲಯಗಳು ಇತಿಹಾಸವನ್ನು ಕಾಪಾಡುತ್ತವೆ ಎಂದು ನಾವು ಶಾಲೆಯಲ್ಲಿ ಓದಿದ್ದೇವೆ. ಅವು ಇತಿಹಾಸವನ್ನು ಆರಿಸುತ್ತವೆ ಎಂಬುದನ್ನು ಯಾರೂ ಹೇಳಿಕೊಡಲಿಲ್ಲ.

ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿರುವ ಟಿಪ್ಪುವಿನ ಹುಲಿಯನ್ನೇ ನೋಡಿ. ಯುರೋಪಿಯನ್ನನೊಬ್ಬನನ್ನು ಕೆಡವಿ ಅವನ ಮೇಲೆರಗಿರುವ ಮರದ ಹುಲಿ. ಹಿಡಿ ತಿರುಗಿಸಿದರೆ ಹುಲಿ ಗುರುಗುಟ್ಟುವಂತೆ, ಬಿದ್ದವನು ಕೈಯೆತ್ತಿ ನರಳುವಂತೆ ಒಳಗೆ ಯಂತ್ರವಿದೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಪತನವಾಗಿ ಟಿಪ್ಪು ಸುಲ್ತಾನ್ ಹುತಾತ್ಮನಾದ ಬಳಿಕ ಅರಮನೆಯಲ್ಲಿ ಇದು ಕಂಪೆನಿಯವರ ಕೈಸೇರಿತು. 1808ರಿಂದ ಲೆಡನ್‌ಹಾಲ್ ಬೀದಿಯ ಈಸ್ಟ್ ಇಂಡಿಯಾ ಕಂಪೆನಿಯ ಭವನದಲ್ಲಿ ಪ್ರದರ್ಶನಕ್ಕೆ ಬಂತು. ಸುಲ್ತಾನನ ಕ್ರೌರ್ಯಕ್ಕೆ, ಇಂಗ್ಲಿಷರ ಮೇಲಿನ ಅವನ ದ್ವೇಷಕ್ಕೆ ಸಾಕ್ಷಿಯೆಂದು ಜನ ಅದನ್ನು ನೋಡಿ ಹೋದರು. ಯುದ್ಧ ನ್ಯಾಯವೇ ಆಗಿತ್ತೆಂದು ನಂಬಿಸಲು ಇಷ್ಟು ಸಾಕಾಗಿತ್ತು.

ಅದೇ ಅರಮನೆಯಲ್ಲಿ ಸುಮಾರು 2000 ಸಂಪುಟಗಳ ಗ್ರಂಥಾಲಯವೂ ಇತ್ತು. ಕುರ್‌ಆನ್ ಪ್ರತಿಗಳು, ಹದೀಸ್, ಸೂಫಿ ತತ್ವ, ಕಾವ್ಯ, ಚರಿತ್ರೆ, ವೈದ್ಯ, ಗಣಿತ, ಖಗೋಳ. ಚಾರ್ಲ್ಸ್ ಸ್ಟೀವರ್ಟ್ ಎಂಬ ವಿದ್ವಾಂಸ 1809ರಲ್ಲಿ ಇದರ ವಿವರಣಾತ್ಮಕ ಪಟ್ಟಿಯನ್ನು ಕೇಂಬ್ರಿಜ್‌ನಲ್ಲಿ ಅಚ್ಚು ಹಾಕಿಸಿದ. ಸವಣೂರು, ಕಡಪ, ಕರ್ನಾಟಿಕ್ ಪ್ರದೇಶಗಳಿಂದ ಲೂಟಿಯಾಗಿ ಬಂದವೇ ಇವುಗಳಲ್ಲಿ ಹೆಚ್ಚೆಂದು ಆತ ಬರೆದಿದ್ದಾನೆ. ಈ ಮಾತನ್ನು ನಾವು ಮುಚ್ಚಿಡಬೇಕಾಗಿಲ್ಲ. ಅಂದಿನ ಅರಸರು ಗೆದ್ದಲ್ಲಿಂದ ಪುಸ್ತಕಗಳನ್ನೂ ಹೊತ್ತು ತರುತ್ತಿದ್ದರು. ಆದರೆ ತಂದದ್ದನ್ನು ಶ್ರೀರಂಗಪಟ್ಟಣದಲ್ಲಿ ಒಂದೆಡೆ ಜೋಪಾನ ಮಾಡಲಾಗಿತ್ತು. ಕಂಪೆನಿಯ ಕೈಯಲ್ಲಿ ಅವು ಕಲ್ಕತ್ತಾದ ಫೋರ್ಟ್ ವಿಲಿಯಂ ಕಾಲೇಜು, ಏಷಿಯಾಟಿಕ್ ಸೊಸೈಟಿ, ಆಕ್ಸ್‌ಫರ್ಡ್, ಕೇಂಬ್ರಿಜ್ ಎಂದು ಚದುರಿ ಹೋದವು.

ಒಂದು ಪಾಲು ಹುಲಿಯಿದ್ದ ಆ ಭವನದ ಗ್ರಂಥಾಲಯಕ್ಕೇ ಬಂದು ಸೇರಿತು. ಹುಲಿಯನ್ನು ನಿಲ್ಲಿಸಿದ್ದು ಅಲ್ಲಿನ ಓದುವ ಕೋಣೆಯಲ್ಲಿ! ಬಂದವರೆಲ್ಲ ಹಿಡಿ ತಿರುಗಿಸಿ ನಗುತ್ತಿದ್ದರೆ, ಓದಲು ಕುಳಿತವರು ಆ ಸದ್ದಿಗೆ ಬೇಸತ್ತು ಗೊಣಗುತ್ತಿದ್ದರಂತೆ. ಸುಲ್ತಾನನ ಆಟಿಕೆ ಎಲ್ಲರಿಗೂ ಕೇಳಿಸಿತು. ಸುಲ್ತಾನನ ಪುಸ್ತಕಗಳನ್ನು ತೆರೆದವರೆಷ್ಟು ಮಂದಿ?

ನಮ್ಮಲ್ಲಾದರೂ ಬೇರೆಯೇನಲ್ಲ. 2015ರಲ್ಲಿ ಸರಕಾರ ಟಿಪ್ಪು ಜಯಂತಿ ಆರಂಭಿಸಿದಾಗಲೂ 2019ರಲ್ಲಿ ಅದನ್ನು ನಿಲ್ಲಿಸಿದಾಗಲೂ ಪರ ವಿರೋಧದವರಿಬ್ಬರ ಬಾಯಲ್ಲೂ ಇದ್ದದ್ದು ಖಡ್ಗ, ಹುಲಿ. 2023ರ ಮೇ ತಿಂಗಳಲ್ಲಿ ಟಿಪ್ಪುವಿನ ಒಂದು ಖಡ್ಗ ಲಂಡನ್ನಿನಲ್ಲಿ ಸುಮಾರು 1.4 ಕೋಟಿ ಪೌಂಡಿಗೆ ಹರಾಜಾಯಿತು, ಅದು ಸುದ್ದಿಯಾಯಿತು. ಅವನು ತನ್ನ ಕೈಯಾರೆ ಕನಸುಗಳನ್ನು ಬರೆದಿಟ್ಟ ಪುಟ್ಟ ಪುಸ್ತಕ ಬ್ರಿಟಿಷ್ ಲೈಬ್ರರಿಯ ಸಂಗ್ರಹದಲ್ಲಿದೆ. ಅದರ ಹೆಸರೆತ್ತುವವರು ವಿರಳ.

ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೆ ಹೋದವರು ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧದ ಚಿತ್ರ ನೋಡಿ ಹೆಮ್ಮೆಯಿಂದ ಮರಳುತ್ತಾರೆ. ಪಲ್ಲಕ್ಕಿಯಲ್ಲಿ ಕುಳಿತ ಕರ್ನಲ್ ಬೈಲಿಯ ಸೋಲು ಅಲ್ಲಿದೆ. ಹೆಮ್ಮೆ ಪಡಲಿ. ಆದರೆ ಆ ಗೋಡೆಗಳ ನಡುವೆಯೇ ಸ್ಟೀವರ್ಟನ ಪಟ್ಟಿಯ ಒಂದು ಕನ್ನಡ ಅನುವಾದವನ್ನೂ, ಚದುರಿಹೋದ ಹಸ್ತಪ್ರತಿಗಳಲ್ಲಿ ಹತ್ತಿಪ್ಪತ್ತರ ಛಾಯಾಪ್ರತಿಗಳನ್ನೂ ಇಡುವುದು ಕಷ್ಟದ ಕೆಲಸವೇ? ಇದಕ್ಕೆ ಹರಾಜಿನ ಹಣ ಬೇಕಿಲ್ಲ. ಸವಣೂರಿನಿಂದ ಬಂದ ಪುಸ್ತಕ ಯಾವುದೆಂದು ಸವಣೂರಿನ ಹುಡುಗನೊಬ್ಬ ಅಲ್ಲಿ ಬೆರಳಿಟ್ಟು ತೋರಿಸುವಂತಾಗಲಿ.