ಕ್ವೇಕರ್ ವಂಶಾವಳಿ ಸಂಶೋಧನೆ

ಕ್ವೇಕರ್ ವಂಶಾವಳಿ ಸಂಶೋಧನೆ ಎಂದರೆ 17 ಮತ್ತು 18ನೆಯ ಶತಮಾನಗಳಲ್ಲಿ ಉತ್ತರ ಅಮೆರಿಕದ ಬ್ರಿಟಿಷ್ ವಸಾಹತುಗಳಲ್ಲಿ ನೆಲೆಸಿದ್ದ ಕ್ವೇಕರ್ ಪಂಥೀಯರ ಕುಟುಂಬ ಸಂಬಂಧಗಳನ್ನು ಗುರುತಿಸುವ ಅಧ್ಯಯನ. ಪಂಥದ ಸಭೆಗಳು ಬರೆದಿಟ್ಟ ದಾಖಲೆಗಳು ಇದರ ಮುಖ್ಯ ಆಧಾರ. 21ನೆಯ ಶತಮಾನದಲ್ಲಿ ಡಿ.ಎನ್.ಎ. ಪರೀಕ್ಷೆಯೂ ಪೂರಕ ಸಾಧನವಾಗಿ ಸೇರಿಕೊಂಡಿದೆ. ವಸಾಹತು ಕಾಲದ ಇತರ ಸಮುದಾಯಗಳಿಗೆ ಹೋಲಿಸಿದರೆ ಕ್ವೇಕರರ ದಾಖಲೆಗಳು ಹೆಚ್ಚು ವಿವರವಾಗಿವೆ. ಆದರೆ ಅವುಗಳ ದಿನಾಂಕ ಪದ್ಧತಿ, ಪರಿಭಾಷೆ ಮತ್ತು ಉದ್ದೇಶವನ್ನು ತಿಳಿಯದೆ ಓದಿದರೆ ತಪ್ಪು ತೀರ್ಮಾನಕ್ಕೆ ಬರುವ ಸಂಭವವಿದೆ.

ಹಿನ್ನೆಲೆ

ಕ್ವೇಕರ್ ಪಂಥವು 17ನೆಯ ಶತಮಾನದ ಮಧ್ಯಭಾಗದಲ್ಲಿ ಇಂಗ್ಲೆಂಡಿನಲ್ಲಿ ಜಾರ್ಜ್ ಫಾಕ್ಸ್ (1624–1691) ಮತ್ತು ಅವರ ಸಂಗಡಿಗರ ಬೋಧನೆಯಿಂದ ಹುಟ್ಟಿತು. ಇದರ ಅನುಯಾಯಿಗಳು ತಮ್ಮನ್ನು 'ಫ್ರೆಂಡ್ಸ್', ಅಂದರೆ ಮಿತ್ರರು, ಎಂದು ಕರೆದುಕೊಂಡರು. ಪುರೋಹಿತವರ್ಗ, ಪ್ರಮಾಣವಚನ ಮತ್ತು ಯುದ್ಧವನ್ನು ನಿರಾಕರಿಸಿದ ಕಾರಣ ಅವರು ತೀವ್ರ ಕಿರುಕುಳಕ್ಕೆ ಒಳಗಾದರು. ಮ್ಯಾಸಚೂಸೆಟ್ಸ್ ವಸಾಹತಿನಲ್ಲಿ 1659ರಿಂದ 1661ರ ನಡುವೆ ಮೇರಿ ಡಯರ್ ಸೇರಿದಂತೆ ನಾಲ್ವರು ಕ್ವೇಕರರನ್ನು ಗಲ್ಲಿಗೇರಿಸಲಾಯಿತು. 1681ರಲ್ಲಿ ವಿಲಿಯಂ ಪೆನ್ ಅವರಿಗೆ ಪೆನ್ಸಿಲ್ವೇನಿಯದ ಸನ್ನದು ದೊರೆತ ನಂತರ ಇಂಗ್ಲೆಂಡ್, ವೇಲ್ಸ್ ಮತ್ತು ಐರ್ಲೆಂಡಿನಿಂದ ಕ್ವೇಕರರು ದೊಡ್ಡ ಸಂಖ್ಯೆಯಲ್ಲಿ ಡೆಲವೇರ್ ನದಿಯ ಕಣಿವೆಗೆ ವಲಸೆ ಬಂದರು. ರೋಡ್ ಐಲೆಂಡ್, ನ್ಯೂಜೆರ್ಸಿ, ಮೇರಿಲ್ಯಾಂಡ್, ವರ್ಜೀನಿಯ ಮತ್ತು ಉತ್ತರ ಕ್ಯಾರೊಲಿನಗಳಲ್ಲಿಯೂ ಅವರ ನೆಲೆಗಳಿದ್ದವು.

ಸಭೆಗಳ ರಚನೆ

ಕ್ವೇಕರರಲ್ಲಿ 'ಸಭೆ' ಎಂಬ ಪದವು ಆರಾಧನೆಯ ಕೂಟವನ್ನೂ ಆಡಳಿತ ಘಟಕವನ್ನೂ ಸೂಚಿಸುತ್ತದೆ. ಒಂದು ಅಥವಾ ಹೆಚ್ಚು ಆರಾಧನಾ ಸಭೆಗಳು ಸೇರಿ ಮಾಸಿಕ ಸಭೆ, ಮಾಸಿಕ ಸಭೆಗಳು ಸೇರಿ ತ್ರೈಮಾಸಿಕ ಸಭೆ, ಅವುಗಳ ಮೇಲೆ ವಾರ್ಷಿಕ ಸಭೆ ಇರುತ್ತವೆ. ಸದಸ್ಯತ್ವ, ವಿವಾಹ ಮತ್ತು ಶಿಸ್ತುಕ್ರಮಗಳು ಮಾಸಿಕ ಸಭೆಯ ಅಧಿಕಾರಕ್ಕೆ ಸೇರಿದ್ದರಿಂದ ವಂಶಾವಳಿಯ ದೃಷ್ಟಿಯಿಂದ ಅದರ ದಾಖಲೆಗಳೇ ಮುಖ್ಯವಾದವು. ಪುರುಷರು ಮತ್ತು ಸ್ತ್ರೀಯರು ಪ್ರತ್ಯೇಕವಾಗಿ ಸಭೆ ಸೇರಿ ಪ್ರತ್ಯೇಕ ನಡಾವಳಿಗಳನ್ನು ಬರೆದಿಡುತ್ತಿದ್ದರು. ಹೀಗಾಗಿ ಇತರ ವಸಾಹತು ದಾಖಲೆಗಳಲ್ಲಿ ಹೆಸರೇ ಕಾಣದ ಅನೇಕ ಸ್ತ್ರೀಯರ ಮಾಹಿತಿ ಇಲ್ಲಿ ದೊರೆಯುತ್ತದೆ.

ದಾಖಲೆಗಳ ಪ್ರಕಾರಗಳು

ಜನನ ಮತ್ತು ಮರಣ ವಹಿಗಳು: ಕ್ವೇಕರರು ಶಿಶುಗಳಿಗೆ ದೀಕ್ಷಾಸ್ನಾನ ಮಾಡಿಸುತ್ತಿರಲಿಲ್ಲ. ಆದ್ದರಿಂದ ಇವು ಜನನದ ದಾಖಲೆಗಳೇ ಹೊರತು ದೀಕ್ಷಾಸ್ನಾನದ ದಾಖಲೆಗಳಲ್ಲ. ಆರಂಭದ ಕ್ವೇಕರರು ಸಮಾಧಿಗೆ ಹೆಸರು ಕೆತ್ತಿದ ಕಲ್ಲು ನೆಡುವುದನ್ನು ಆಡಂಬರವೆಂದು ಬಗೆದಿದ್ದರಿಂದ ಮರಣ ವಹಿಯೇ ಅನೇಕ ವೇಳೆ ಏಕೈಕ ಆಧಾರವಾಗುತ್ತದೆ.

ವಿವಾಹ ದಾಖಲೆಗಳು: ವಧೂವರರು ಸಾಮಾನ್ಯವಾಗಿ ಎರಡು ಅನುಕ್ರಮ ಮಾಸಿಕ ಸಭೆಗಳಲ್ಲಿ ತಮ್ಮ ಉದ್ದೇಶವನ್ನು ಪ್ರಕಟಿಸಬೇಕಿತ್ತು. ಬೇರೆ ಯಾರೊಂದಿಗೂ ವಿವಾಹದ ಬದ್ಧತೆ ಇಲ್ಲವೆಂದು ಸಭೆ ನೇಮಿಸಿದವರು ವಿಚಾರಿಸಿ ವರದಿ ಮಾಡುತ್ತಿದ್ದರು. ವಿವಾಹ ಪತ್ರಕ್ಕೆ ಹಾಜರಿದ್ದವರೆಲ್ಲ ಸಾಕ್ಷಿಗಳಾಗಿ ಸಹಿ ಮಾಡುತ್ತಿದ್ದರು. ದಂಪತಿಗಳ ಹೆಸರಿನ ಕೆಳಗೆ ಹತ್ತಿರದ ಬಂಧುಗಳು ಸಹಿ ಮಾಡುವ ರೂಢಿ ಇತ್ತಾದರೂ ಸಹಿಯ ಸ್ಥಾನ ಮಾತ್ರದಿಂದಲೇ ಬಂಧುತ್ವವನ್ನು ನಿರ್ಣಯಿಸಲಾಗದು.

ವರ್ಗಾವಣೆ ಪತ್ರಗಳು: ಸದಸ್ಯರು ಬೇರೆ ಊರಿಗೆ ಹೋಗುವಾಗ ಹಳೆಯ ಸಭೆಯು ಹೊಸ ಸಭೆಗೆ ಅವರ ನಡತೆಯ ಬಗ್ಗೆ ಪತ್ರ ನೀಡುತ್ತಿತ್ತು. ಪತ್ರ ನೀಡಿದ ಹಾಗೂ ಸ್ವೀಕರಿಸಿದ ಎರಡೂ ಸಭೆಗಳ ನಮೂದುಗಳನ್ನು ಜೋಡಿಸಿದರೆ ಒಂದು ಕುಟುಂಬದ ವಲಸೆಯ ಹಾದಿ ಸ್ಪಷ್ಟವಾಗುತ್ತದೆ. ಪೆನ್ಸಿಲ್ವೇನಿಯದಿಂದ ವರ್ಜೀನಿಯ ಮಾರ್ಗವಾಗಿ ಉತ್ತರ ಕ್ಯಾರೊಲಿನಕ್ಕೂ, 1800ರ ನಂತರ ಗುಲಾಮಗಿರಿಯ ಪ್ರದೇಶವನ್ನು ತೊರೆದು ಓಹಾಯೊ ಮತ್ತು ಇಂಡಿಯಾನಗಳಿಗೂ ಹೋದ ಕುಟುಂಬಗಳನ್ನು ಹೀಗೆ ಗುರುತಿಸಲಾಗಿದೆ.

ಶಿಸ್ತುಕ್ರಮಗಳು: ಪಂಥದ ಹೊರಗಿನವರನ್ನು ವಿವಾಹವಾಗುವುದು, ಶಸ್ತ್ರ ಧರಿಸುವುದು, ಕುಡಿತ, ಸಾಲ ತೀರಿಸದಿರುವುದು ಮುಂತಾದ ಕಾರಣಗಳಿಗೆ ಸದಸ್ಯತ್ವವನ್ನು ರದ್ದುಪಡಿಸಲಾಗುತ್ತಿತ್ತು. ತಪ್ಪನ್ನು ಲಿಖಿತವಾಗಿ ಒಪ್ಪಿಕೊಂಡವರನ್ನು ಉಳಿಸಿಕೊಳ್ಳಲಾಗುತ್ತಿತ್ತು. ಸದಸ್ಯತ್ವ ಕಳೆದುಕೊಂಡವರು ಆರಾಧನೆಗೆ ಬರಬಹುದಾಗಿತ್ತು. ಆದರೆ ಆಡಳಿತ ಸಭೆಯಲ್ಲಿ ಭಾಗವಹಿಸುವಂತಿರಲಿಲ್ಲ. ಅಂಥವರ ಮುಂದಿನ ಜೀವನದ ವಿವರಗಳು ಸಾಮಾನ್ಯವಾಗಿ ಸಭೆಯ ವಹಿಗಳಲ್ಲಿ ಸಿಗುವುದಿಲ್ಲ. ಭೂದಾಖಲೆ, ಉಯಿಲು ಮತ್ತು ತೆರಿಗೆ ಪಟ್ಟಿಗಳನ್ನು ನೋಡಬೇಕಾಗುತ್ತದೆ.

ಗುಲಾಮಗಿರಿ ವಿಮೋಚನಾ ಪತ್ರಗಳು: ವಸಾಹತು ಕಾಲದ ಅನೇಕ ಕ್ವೇಕರರು ಗುಲಾಮರನ್ನು ಹೊಂದಿದ್ದರು. 1776ರಲ್ಲಿ ಫಿಲಡೆಲ್ಫಿಯ ವಾರ್ಷಿಕ ಸಭೆಯು ತನ್ನ ಸದಸ್ಯರಿಗೆ ಇದನ್ನು ನಿಷೇಧಿಸಿತು. ಈ ಅವಧಿಯ ವಿಮೋಚನಾ ಪತ್ರಗಳಲ್ಲಿ ಬಿಡುಗಡೆಗೊಂಡವರ ಹೆಸರು ಮತ್ತು ಕೆಲವೊಮ್ಮೆ ವಯಸ್ಸು ನಮೂದಾಗಿವೆ. 1870ಕ್ಕಿಂತ ಮೊದಲಿನ ಅಮೆರಿಕದ ಜನಗಣತಿಗಳು ಗುಲಾಮರ ಹೆಸರುಗಳನ್ನು ಬಹುಮಟ್ಟಿಗೆ ದಾಖಲಿಸದ ಕಾರಣ ಆಫ್ರಿಕನ್ ಅಮೆರಿಕನ್ ವಂಶಜರಿಗೆ ಈ ಪತ್ರಗಳು ಅಮೂಲ್ಯವಾಗಿವೆ.

ದಿನಾಂಕ ಪದ್ಧತಿ

ವಾರ ಮತ್ತು ತಿಂಗಳುಗಳ ಪ್ರಚಲಿತ ಹೆಸರುಗಳಲ್ಲಿ ಹಲವು ಅನ್ಯ ದೇವತೆಗಳಿಂದ ಬಂದವು ಎಂಬ ಕಾರಣಕ್ಕೆ ಕ್ವೇಕರರು ಅವುಗಳ ಬದಲು ಸಂಖ್ಯೆಗಳನ್ನು ಬಳಸಿದರು. ಭಾನುವಾರವು 'ಮೊದಲ ದಿನ'ವಾಯಿತು. 1752ಕ್ಕಿಂತ ಮೊದಲು ಇಂಗ್ಲೆಂಡ್ ಮತ್ತು ಅದರ ವಸಾಹತುಗಳಲ್ಲಿ ಹೊಸ ವರ್ಷವು ಮಾರ್ಚ್ 25ರಂದು ಆರಂಭವಾಗುತ್ತಿತ್ತು ಮತ್ತು ಮಾರ್ಚ್ ತಿಂಗಳನ್ನೇ ಮೊದಲ ತಿಂಗಳೆಂದು ಎಣಿಸಲಾಗುತ್ತಿತ್ತು. ಆದ್ದರಿಂದ 1740ರ ದಾಖಲೆಯಲ್ಲಿನ 'ಎಂಟನೆಯ ತಿಂಗಳು' ಆಗಸ್ಟ್ ಅಲ್ಲ, ಅಕ್ಟೋಬರ್. ಜನವರಿ, ಫೆಬ್ರವರಿ ಮತ್ತು ಮಾರ್ಚ್ ತಿಂಗಳುಗಳ ದಿನಾಂಕಗಳನ್ನು 1731/2 ಎಂಬಂತೆ ಎರಡು ವರ್ಷಗಳನ್ನು ಸೂಚಿಸಿ ಬರೆಯುವುದೂ ಇತ್ತು. 1752ರಲ್ಲಿ ಗ್ರೆಗೋರಿಯನ್ ಪಂಚಾಂಗವನ್ನು ಅಳವಡಿಸಿಕೊಂಡಾಗ ಸೆಪ್ಟೆಂಬರ್ 2ರ ಮರುದಿನವನ್ನು ಸೆಪ್ಟೆಂಬರ್ 14 ಎಂದು ಎಣಿಸಲಾಯಿತು. ಮೂಲದಲ್ಲಿರುವಂತೆ ದಿನಾಂಕವನ್ನು ನಕಲು ಮಾಡಿಕೊಂಡು, ಪರಿವರ್ತಿತ ರೂಪವನ್ನು ಪ್ರತ್ಯೇಕವಾಗಿ ಬರೆಯುವುದು ಸೂಕ್ತ ಕ್ರಮ.

ಸಂಗ್ರಹಾಲಯಗಳು ಮತ್ತು ಸೂಚಿಗಳು

ಪೆನ್ಸಿಲ್ವೇನಿಯದ ಸ್ವಾರ್ತ್‌ಮೋರ್ ಮತ್ತು ಹ್ಯಾವರ್‌ಫರ್ಡ್ ಕಾಲೇಜುಗಳು ಹಾಗೂ ಉತ್ತರ ಕ್ಯಾರೊಲಿನದ ಗಿಲ್ಫರ್ಡ್ ಕಾಲೇಜಿನಲ್ಲಿ ಪ್ರಮುಖ ಸಂಗ್ರಹಗಳಿವೆ. ಇಂಗ್ಲೆಂಡಿನ ಕ್ವೇಕರ್ ವಹಿಗಳ ದೊಡ್ಡ ಭಾಗವು ಅಲ್ಲಿನ ರಾಷ್ಟ್ರೀಯ ಪತ್ರಾಗಾರದಲ್ಲಿದೆ. ಅಮೆರಿಕದ ಗಾಯಕ ವಿಲಿಯಂ ವೇಡ್ ಹಿನ್‌ಶಾ (1867–1947) ಸಂಪಾದಿಸಿದ 'ಎನ್‌ಸೈಕ್ಲೋಪೀಡಿಯ ಆಫ್ ಅಮೆರಿಕನ್ ಕ್ವೇಕರ್ ಜೀನಿಯಾಲಜಿ' ಎಂಬ ಬಹುಸಂಪುಟ ಗ್ರಂಥದ ಮೊದಲ ಸಂಪುಟ 1936ರಲ್ಲಿ ಪ್ರಕಟವಾಯಿತು. ಇದರಲ್ಲಿ ನಡಾವಳಿಗಳ ಸಾರವನ್ನು ಸಂಕ್ಷೇಪಾಕ್ಷರಗಳಲ್ಲಿ ನೀಡಲಾಗಿದೆ. ಉದಾಹರಣೆಗೆ 'ಜಿಸಿಟಿ' ಎಂದರೆ ಬೇರೊಂದು ಸಭೆಗೆ ವರ್ಗಾವಣೆ ಪತ್ರ ನೀಡಲಾಗಿದೆ ಎಂದರ್ಥ. ಇದು ಸಾರಾಂಶ ಮಾತ್ರವಾದ್ದರಿಂದ ಮೂಲ ನಡಾವಳಿಯನ್ನು ಪರಿಶೀಲಿಸುವುದು ಅಗತ್ಯ. 1827–28ರಲ್ಲಿ ಪಂಥವು ಹಿಕ್ಸೈಟ್ ಮತ್ತು ಆರ್ಥೊಡಾಕ್ಸ್ ಶಾಖೆಗಳಾಗಿ ಒಡೆದ ಬಳಿಕ ಒಂದೇ ಹೆಸರಿನ ಎರಡು ಸಭೆಗಳ ದಾಖಲೆಗಳು ಕಂಡುಬರುತ್ತವೆ.

ಡಿ.ಎನ್.ಎ. ಪರೀಕ್ಷೆಯ ಪಾತ್ರ

ವಂಶಾವಳಿ ಸಂಶೋಧನೆಯಲ್ಲಿ ಮೂರು ಬಗೆಯ ಪರೀಕ್ಷೆಗಳು ಬಳಕೆಯಲ್ಲಿವೆ.

ವೈ ವರ್ಣತಂತುವಿನ ಪರೀಕ್ಷೆ: ಇದು ತಂದೆಯಿಂದ ಮಗನಿಗೆ ಸಾಗುವ ನೇರ ಪುರುಷ ಪರಂಪರೆಯನ್ನು ತೋರಿಸುತ್ತದೆ. ಒಂದೇ ಕುಲನಾಮದ ಎರಡು ವಲಸೆ ಕುಟುಂಬಗಳಿಗೆ ಸಮಾನ ಮೂಲವಿದೆಯೇ ಎಂಬುದನ್ನು ಪರೀಕ್ಷಿಸಲು ಇದು ಉಪಯುಕ್ತ. ವೆಲ್ಷ್ ಕ್ವೇಕರರಲ್ಲಿ ತಂದೆಯ ಹೆಸರೇ ಮಕ್ಕಳ ಕುಲನಾಮವಾಗಿ ತಲೆಮಾರಿನಿಂದ ತಲೆಮಾರಿಗೆ ಬದಲಾಗುತ್ತಿದ್ದುದರಿಂದ ಭಿನ್ನ ಕುಲನಾಮದವರಲ್ಲಿಯೂ ಹೊಂದಾಣಿಕೆ ಕಂಡುಬರಬಹುದು.

ಮೈಟೊಕಾಂಡ್ರಿಯದ ಪರೀಕ್ಷೆ: ಇದು ತಾಯಿಯ ಪರಂಪರೆಯನ್ನು ತೋರಿಸುತ್ತದೆ. ಈ ಡಿ.ಎನ್.ಎ. ನಿಧಾನವಾಗಿ ಬದಲಾಗುವುದರಿಂದ ಪೂರ್ಣ ಹೊಂದಾಣಿಕೆಯಿದ್ದರೂ ಸಮಾನ ಪೂರ್ವಜೆ ಬಹಳ ಹಿಂದಿನವಳಾಗಿರಬಹುದು.

ಅಲಿಂಗ ವರ್ಣತಂತುಗಳ ಪರೀಕ್ಷೆ: ಇದು 22 ಜೋಡಿ ವರ್ಣತಂತುಗಳನ್ನು ಪರಿಶೀಲಿಸಿ ಎಲ್ಲ ಕಡೆಯ ಬಂಧುಗಳನ್ನು ಸೂಚಿಸುತ್ತದೆ. ಆದರೆ ಪ್ರತಿ ತಲೆಮಾರಿಗೂ ಒಬ್ಬ ಪೂರ್ವಜನಿಂದ ಬಂದ ಪಾಲು ಸರಾಸರಿ ಅರ್ಧಕ್ಕೆ ಇಳಿಯುತ್ತದೆ. ಎಂಟು ತಲೆಮಾರುಗಳ ಹಿಂದೆ ಒಬ್ಬ ವ್ಯಕ್ತಿಗೆ 256 ಪೂರ್ವಜ ಸ್ಥಾನಗಳಿದ್ದು, ಅವರಲ್ಲಿ ಒಬ್ಬರಿಂದ ಬರುವ ಸರಾಸರಿ ಪಾಲು ಶೇ. 0.4ರಷ್ಟು ಮಾತ್ರ. ಆರು ತಲೆಮಾರುಗಳ ಹಿಂದಿನ ಒಂದೇ ದಂಪತಿಗಳ ಬೇರೆ ಬೇರೆ ಮಕ್ಕಳಿಂದ ಬಂದ ಇಬ್ಬರಲ್ಲಿ ಪತ್ತೆಹಚ್ಚಬಹುದಾದ ಹಂಚಿಕೆ ಹೆಚ್ಚಿನ ವೇಳೆ ಇರುವುದೇ ಇಲ್ಲ. ಆದ್ದರಿಂದ ಹೊಂದಾಣಿಕೆ ಇಲ್ಲದಿರುವುದು ಬಂಧುತ್ವವಿಲ್ಲ ಎಂಬುದಕ್ಕೆ ಪುರಾವೆಯಲ್ಲ.

ಒಳವಿವಾಹದ ಸಮಸ್ಯೆ

ಪಂಥದೊಳಗೇ ವಿವಾಹವಾಗಬೇಕೆಂಬ ನಿಯಮದಿಂದಾಗಿ ಕೆಲವೇ ಕುಟುಂಬಗಳ ನಡುವೆ ಹಲವು ತಲೆಮಾರುಗಳವರೆಗೆ ಸಂಬಂಧಗಳು ಬೆಳೆದವು. ಕ್ವೇಕರರು ಹತ್ತಿರದ ರಕ್ತಸಂಬಂಧದ ವಿವಾಹಗಳನ್ನು ಒಪ್ಪುತ್ತಿರಲಿಲ್ಲ. ಆದರೆ ಅಣ್ಣತಮ್ಮಂದಿರು ಅಕ್ಕತಂಗಿಯರನ್ನು ವಿವಾಹವಾಗುವುದಕ್ಕೆ ತಡೆ ಇರಲಿಲ್ಲ. ಅಂಥ ಎರಡು ದಂಪತಿಗಳ ಮಕ್ಕಳು ಸರಾಸರಿ ಶೇ. 25ರಷ್ಟು ಡಿ.ಎನ್.ಎ. ಹಂಚಿಕೊಂಡಿರುತ್ತಾರೆ. ಇದು ಸಾಮಾನ್ಯ ಸೋದರರ ಮಕ್ಕಳ ಶೇ. 12.5ರ ಎರಡರಷ್ಟು. ಹೀಗೆ ಹಲವು ದಾರಿಗಳಿಂದ ಬಂದ ಪಾಲು ಒಟ್ಟುಗೂಡಿದಾಗ ದೂರದ ಸಂಬಂಧವು ಹತ್ತಿರದ್ದೆಂದು ತೋರುತ್ತದೆ. ಒಂದು ಹೊಂದಾಣಿಕೆಯನ್ನು ನಿರ್ದಿಷ್ಟ ದಂಪತಿಗಳಿಗೆ ಜೋಡಿಸುವ ಮುನ್ನ ಇಬ್ಬರ ವಂಶವೃಕ್ಷದ ಎಲ್ಲ ಶಾಖೆಗಳನ್ನೂ ಸಾಧ್ಯವಾದಷ್ಟು ಪೂರ್ಣಗೊಳಿಸಬೇಕಾಗುತ್ತದೆ.

ಒಂದು ನಿದರ್ಶನ: ಬೂನ್ ಕುಟುಂಬ

ಗಡಿನಾಡಿನ ಅನ್ವೇಷಕ ಡೇನಿಯಲ್ ಬೂನ್ ಕ್ವೇಕರ್ ಮನೆತನದವರು. ಅವರ ಅಜ್ಜ ಜಾರ್ಜ್ ಬೂನ್ ಇಂಗ್ಲೆಂಡಿನ ಡೆವನ್ ಪ್ರಾಂತ್ಯದಿಂದ 1717ರಲ್ಲಿ ಪೆನ್ಸಿಲ್ವೇನಿಯಕ್ಕೆ ಬಂದರು. ತಂದೆ ಸ್ಕ್ವಯರ್ ಬೂನ್ ಮತ್ತು ವೆಲ್ಷ್ ಮೂಲದ ಸಾರಾ ಮಾರ್ಗನ್ ಅವರ ವಿವಾಹವು 1720ರಲ್ಲಿ ಗ್ವಿನೆಡ್ ಸಭೆಯಲ್ಲಿ ನಡೆಯಿತು. ಡೇನಿಯಲ್ ಅವರ ಜನ್ಮದಿನ ಹಳೆಯ ಪದ್ಧತಿಯಲ್ಲಿ 1734ರ ಅಕ್ಟೋಬರ್ 22, ಹೊಸ ಪದ್ಧತಿಯಲ್ಲಿ ನವೆಂಬರ್ 2. ಮಗಳು ಪಂಥದ ಹೊರಗೆ ವಿವಾಹವಾದಾಗ ಸ್ಕ್ವಯರ್ ಬೂನ್ ಸಭೆಯ ಮುಂದೆ ತಪ್ಪೊಪ್ಪಿಕೊಂಡರು. ಮಗ ಇಸ್ರೇಲ್ ಕೂಡ ಹಾಗೆಯೇ ಮಾಡಿದಾಗ ಒಪ್ಪಲಿಲ್ಲ. 1748ರಲ್ಲಿ ಅವರ ಸದಸ್ಯತ್ವ ರದ್ದಾಯಿತು. 1750ರಲ್ಲಿ ಕುಟುಂಬವು ದಕ್ಷಿಣಕ್ಕೆ ಹೊರಟು ಮುಂದೆ ಉತ್ತರ ಕ್ಯಾರೊಲಿನದಲ್ಲಿ ನೆಲೆಸಿತು. ವಲಸೆ, ವಿವಾಹ, ದಿನಾಂಕದ ಗೊಂದಲ ಮತ್ತು ಸದಸ್ಯತ್ವದ ರದ್ದತಿ ಈ ಒಂದೇ ಕುಟುಂಬದ ಇತಿಹಾಸದಲ್ಲಿ ಕಾಣಸಿಗುತ್ತವೆ.

ಪುರಾವೆಗಳ ಸಂಯೋಜನೆ

ದಾಖಲೆಯು ಸಮಾಜವು ಒಪ್ಪಿದ ಸಂಬಂಧವನ್ನು ಹೇಳಿದರೆ, ಡಿ.ಎನ್.ಎ. ಜೈವಿಕ ಸಂಬಂಧವನ್ನು ಸೂಚಿಸುತ್ತದೆ. ದತ್ತು ಸ್ವೀಕಾರ, ಮರುವಿವಾಹ ಅಥವಾ ವಿವಾಹೇತರ ಜನನದ ಸಂದರ್ಭಗಳಲ್ಲಿ ಇವೆರಡೂ ಭಿನ್ನವಾಗಿರಬಹುದು. ಡಿ.ಎನ್.ಎ. ಫಲಿತಾಂಶವು ಪೂರ್ವಜರ ಹೆಸರನ್ನಾಗಲಿ ಪಂಥವನ್ನಾಗಲಿ ತಿಳಿಸುವುದಿಲ್ಲ. 'ಕ್ವೇಕರ್ ಡಿ.ಎನ್.ಎ.' ಎಂಬುದು ಇಲ್ಲ. ಇಬ್ಬರ ಹೊಂದಾಣಿಕೆಯ ಅರ್ಥವನ್ನು ಸಭೆಯ ನಡಾವಳಿ, ಉಯಿಲು ಮತ್ತು ಭೂದಾಖಲೆಗಳ ಜೊತೆಗಿಟ್ಟು ನಿರ್ಧರಿಸಬೇಕು. ಪರೀಕ್ಷೆಯು ಜೀವಂತ ಬಂಧುಗಳ ಖಾಸಗಿ ವಿಷಯಗಳನ್ನೂ ಹೊರಗೆಡಹಬಹುದಾದ್ದರಿಂದ ಅವರ ಒಪ್ಪಿಗೆಯಿಲ್ಲದೆ ಫಲಿತಾಂಶವನ್ನು ಪ್ರಕಟಿಸುವುದು ಸರಿಯಲ್ಲ.