ಒಂದೇ ಹೆಸರಿನ ಹಲವು ತುಕ್ಕುಗಳು

ನಮ್ಮ ಅಜ್ಜ ನೆರೆತೋಟದವರೊಡನೆ ಸಾಯುವ ತನಕ ಮಾತು ಬಿಟ್ಟಿದ್ದರು. ಅವರು ಕೊಟ್ಟ ಕೆಂಟ್ಸ್ ಕಾಫಿಯ ಬೀಜದ ಗಿಡಕ್ಕೆ ಎಲೆತುಕ್ಕು ತಗಲದೆಂಬ ಭರವಸೆಯಿತ್ತು, ಆದರೆ ತಗಲಿತು. ಬೀಜ ಬೆರಕೆಯದೆಂದೇ ಅಜ್ಜ ನಂಬಿದರು.

ಎಲೆಯ ಅಡಿಯಲ್ಲಿ ಕಿತ್ತಳೆ ಬಣ್ಣದ ಪುಡಿಯಾಗಿ ಕಾಣಿಸಿಕೊಂಡು ಎಲೆಯನ್ನೇ ಉದುರಿಸುವ ಈ ಶಿಲೀಂಧ್ರಕ್ಕೆ 1869ರಲ್ಲಿ ಹೆಮಿಲಿಯ ವಾಸ್ಟಾಟ್ರಿಕ್ಸ್ ಎಂದು ಹೆಸರಿಟ್ಟರು. ಸಿಂಹಳದ ಕಾಫಿಯನ್ನು ಹಾಳುಗೆಡವಿ ಅಲ್ಲಿ ಚಹಾ ಬೇರೂರುವಂತೆ ಮಾಡಿದ್ದು ಇದೇ. ನಮ್ಮ ಬೆಳೆಗಾರರು ತಳಿ ಬದಲಿಸಿ ಬದುಕಿದರು. ಚಿಕ್ ಹೋಗಿ ಕೂರ್ಗ್ ಬಂದಿತು. 1911ರಲ್ಲಿ ಕೆಂಟ್ ಎಂಬ ತೋಟಗಾರರು ಮೈಸೂರು ಸೀಮೆಯಲ್ಲಿ ಆರಿಸಿದ ಗಿಡದಿಂದ ಕೆಂಟ್ಸ್ ಹುಟ್ಟಿತು. ಮೊದಮೊದಲು ತುಕ್ಕಿಗೆ ಜಗ್ಗದ ಅದು ಕಾಲಾಂತರದಲ್ಲಿ ಜಗ್ಗಿತು. ಕೆಟ್ಟದ್ದು ಗಿಡವೇ ಎಂದು ಯಾರಿಗಾದರೂ ತೋರುವುದು ಸಹಜ.

ಹಾಗಲ್ಲವೆಂದು ತೋರಿಸಿದವರು ವಿಲ್ಸನ್ ಮೇಯ್ನ್. ಬಾಳೆಹೊನ್ನೂರಿನ ಬಳಿ 1925ರಲ್ಲಿ ಆರಂಭವಾದ ಕಾಫಿ ಪ್ರಯೋಗ ಕೇಂದ್ರದಲ್ಲಿ ದುಡಿಯುತ್ತಿದ್ದ ಅವರು, ಈ ತುಕ್ಕಿನ ಪ್ರಭೇದ ಒಂದೇ ಆದರೂ ಅದರೊಳಗೆ ಬೇರೆಬೇರೆ ಒಳತಳಿಗಳಿವೆಯೆಂದು 1932ರಲ್ಲಿ ಪ್ರಕಟಿಸಿದರು. ಸೂಕ್ಷ್ಮದರ್ಶಕಕ್ಕೆ ಈ ಒಳತಳಿಗಳ ಭೇದ ತಿಳಿಯದು. ಬಗೆಬಗೆಯ ಕಾಫಿಯ ಎಲೆಗಳಿಗೆ ತುಕ್ಕಿನ ಬೀಜಕಣಗಳನ್ನು ಸೋಕಿಸಿ, ಯಾವುದಕ್ಕೆ ರೋಗ ತಗಲಿತು, ಯಾವುದಕ್ಕೆ ತಗಲಲಿಲ್ಲ ಎಂದು ನೋಡಿಯೇ ವಿಂಗಡಿಸಬೇಕು. ಒಂದು ಒಳತಳಿಯನ್ನು ತಡೆದ ಕೆಂಟ್ಸ್ ಇನ್ನೊಂದಕ್ಕೆ ಬಲಿಯಾಗುತ್ತಿತ್ತು.

ಓಲೆಪ್ರತಿಗಳನ್ನು ಪರಿಷ್ಕರಿಸಿದ ನನಗೆ ಇದು ಅಪರಿಚಿತ ನ್ಯಾಯವಲ್ಲ. ಲಿಪಿ ಒಂದೇ, ಕಾವ್ಯ ಒಂದೇ. ಆದರೂ ಪಾಠಾಂತರಗಳನ್ನು ಹೋಲಿಸಿದಾಗ ಪ್ರತಿಗಳ ಮನೆತನ ಬೇರೆಯೆಂದು ಹೊರಬೀಳುತ್ತದೆ. ಪಾಠಾಂತರದ ಸ್ಥಾನದಲ್ಲಿ ಇಲ್ಲಿರುವುದು ವಂಶವಾಹಿ. ಗಿಡದಲ್ಲಿ ತಡೆಯುವ ವಂಶವಾಹಿ, ತುಕ್ಕಿನಲ್ಲಿ ಆ ತಡೆಯನ್ನು ಮೀರುವ ವಂಶವಾಹಿ, ಹೀಗೆ ಒಂದಕ್ಕೊಂದು ಜೋಡಿಯುಂಟು. ಪೋರ್ಚುಗಲ್ಲಿನ ಓಯಿರಾಸ್‌ನಲ್ಲಿ 1955ರಲ್ಲಿ ಸ್ಥಾಪಿತವಾದ ಕೇಂದ್ರ ಈ ವಿಂಗಡಣೆಯನ್ನು ಲೋಕದ ತುಕ್ಕುಗಳಿಗೆಲ್ಲ ವಿಸ್ತರಿಸಿತು; ಇಂದು 40ಕ್ಕೂ ಹೆಚ್ಚು ಒಳತಳಿಗಳು ತಿಳಿದಿವೆ.

ಬಾಳೆಹೊನ್ನೂರಿನಲ್ಲಿ ಕೆಂಟ್ಸಿನೊಡನೆ, ಲೈಬೀರಿಕ ಕಾಫಿಯ ಅಂಶವಿದ್ದ ಎಸ್.288ನ್ನು ಕೂಡಿಸಿ 1940ರ ದಶಕದಲ್ಲಿ ಎಸ್.795 ತಳಿಯನ್ನು ಬೆಳೆಗಾರರಿಗೆ ಕೊಟ್ಟರು. ಬಹುಕಾಲ ತಾಳಿದ ಅದಕ್ಕೂ ತುಕ್ಕು ಕ್ರಮೇಣ ದಾರಿ ಕಂಡುಕೊಂಡಿತು. ಕಾಫಿಗಿಡ ದಶಕಗಳ ಬಾಳುವೆಯದು. ತುಕ್ಕಾದರೋ ಒಂದೇ ಮಳೆಗಾಲದಲ್ಲಿ ಹಲವು ತಲೆಮಾರು ಕಾಣುತ್ತದೆ.

ಅಜ್ಜನ ಬೀಜ ಅಪ್ಪಟವೇ ಆಗಿದ್ದಿರಬೇಕು. ಬಂದ ತುಕ್ಕು ಬೇರೆಯದು. ಈ ಮಾತನ್ನು ನೆರೆಮನೆಯ ಮೊಮ್ಮಗನಿಗೆ ಹೇಳಿದಾಗ ಆತ ಸ್ವಲ್ಪ ಹೊತ್ತು ಸುಮ್ಮನಿದ್ದು, ಒಳಗೆ ಹೋಗಿ ಕಾಫಿ ತಂದುಕೊಟ್ಟ.