ಮೆಟ್ಟಿಲಿನ ಅಗಲವೋ, ಜೋಡಣೆಯ ಬಿಗಿಯೋ: ದಂತ ಇಂಪ್ಲಾಂಟ್ ಸುತ್ತಲಿನ ಮೂಳೆಯ ಇಳಿತದ ಬಗ್ಗೆ ಒಂದು ಮರುಪರಿಶೀಲನೆ

ಇಂಪ್ಲಾಂಟ್ ಕೂರಿಸಿದ ಮೇಲೆ ಅದರ ಕತ್ತಿನ ಸುತ್ತಲಿನ ಮೂಳೆ ಸಾಮಾನ್ಯವಾಗಿ ಒಂದಿಷ್ಟು ಇಳಿಯುತ್ತದೆ ಎಂಬುದರಲ್ಲಿ ತಕರಾರಿಲ್ಲ. ಬ್ರೋನೆಮಾರ್ಕ್ ಅವರು 1965ರಲ್ಲಿ ಸ್ವೀಡನ್ನಿನಲ್ಲಿ ಆರಂಭಿಸಿದ ಚಿಕಿತ್ಸೆಯ ಹದಿನೈದು ವರ್ಷಗಳ ಫಲಿತಾಂಶವನ್ನು ಆಡೆಲ್ ಮತ್ತು ಸಂಗಡಿಗರು 1981ರಲ್ಲಿ ಪ್ರಕಟಿಸಿದರು. ಗಾಯ ಮಾಯುವ ಅವಧಿ ಮತ್ತು ಮೊದಲ ವರ್ಷ ಸೇರಿ ಸರಾಸರಿ 1.5 ಮಿ.ಮೀ., ಆಮೇಲೆ ವರ್ಷಕ್ಕೆ 0.1 ಮಿ.ಮೀ. ಇಳಿತ. 1986ರಲ್ಲಿ ಆಲ್‌ಬ್ರೆಕ್ಟ್‌ಸನ್ ಮತ್ತಿತರರು ಮೊದಲ ವರ್ಷದ ನಂತರ ವಾರ್ಷಿಕ ಇಳಿತ 0.2 ಮಿ.ಮೀ.ಗಿಂತ ಕಡಿಮೆಯಿರಬೇಕೆಂದು ಯಶಸ್ಸಿನ ಮಾನದಂಡ ಹಾಕಿದರು. ಮೊದಲ ವರ್ಷದ ಇಳಿತವನ್ನು ಬಹುಕಾಲ ಯಾರೂ ಪ್ರಶ್ನಿಸಲಿಲ್ಲ. ಅದು ತೆರಲೇಬೇಕಾದ ಸುಂಕವೆಂದೇ ಎಲ್ಲರೂ ಒಪ್ಪಿಕೊಂಡಿದ್ದರು.

ಆ ಒಪ್ಪಿಗೆ ಅಲುಗಿದ್ದು ಇಂಪ್ಲಾಂಟ್‌ಗಳ ಬಗೆಗಳನ್ನು ಹೋಲಿಸತೊಡಗಿದಾಗ. ಇಂಪ್ಲಾಂಟ್‌ಗೂ ಅದರ ಮೇಲೆ ಕೂರುವ ಅಬಟ್‌ಮೆಂಟ್‌ಗೂ ನಡುವಿನ ಸಂದು ಮೂಳೆಯ ಮಟ್ಟದಲ್ಲಿದ್ದರೆ ಮೂಳೆ ಸಂದಿಗಿಂತ ಕೆಳಕ್ಕೆ ಸರಿಯುತ್ತದೆ, ಒಂದೇ ತುಂಡಿನ ಇಂಪ್ಲಾಂಟ್‌ನಲ್ಲಿ ಹಾಗಾಗುವುದಿಲ್ಲ ಎಂದು ಹರ್ಮನ್, ಕಾಕ್ರನ್ ಮತ್ತಿತರರು 1997ರಲ್ಲಿ ನಾಯಿಗಳ ದವಡೆಯಲ್ಲಿ ತೋರಿಸಿದರು. ಇಷ್ಟರವರೆಗೆ ಒಮ್ಮತ.

ವಿವಾದದ ಮೂಲ ಒಂದು ಆಕಸ್ಮಿಕ. 1990ರ ದಶಕದ ಆರಂಭದಲ್ಲಿ ಅಗಲದ ಇಂಪ್ಲಾಂಟ್‌ಗಳು ಬಂದಾಗ ಅವುಗಳಿಗೆ ಹೊಂದುವ ಅಬಟ್‌ಮೆಂಟ್ ಸಿಗುತ್ತಿರಲಿಲ್ಲ. ವೈದ್ಯರು ಕೈಗೆ ಸಿಕ್ಕ ಕಿರಿದಾದದ್ದನ್ನೇ ಕೂರಿಸಿದರು. ವರ್ಷಗಳ ನಂತರದ ಎಕ್ಸ್‌ರೇಗಳಲ್ಲಿ ಮೂಳೆ ನಿರೀಕ್ಷೆಗಿಂತ ಮೇಲೆಯೇ ನಿಂತಿತ್ತು. 2006ರಲ್ಲಿ ಲಜಾರಾ ಮತ್ತು ಪೋರ್ಟರ್ ಇದನ್ನು ‘ಪ್ಲಾಟ್‌ಫಾರ್ಮ್ ಸ್ವಿಚಿಂಗ್’ ಎಂದು ಕರೆದು ಕಾರಣವನ್ನೂ ಕೊಟ್ಟರು: ಸಂದು ಒಳಕ್ಕೆ ಸರಿದು ಮೆಟ್ಟಿಲಿನಂಥ ಅಂಚು ಏರ್ಪಟ್ಟಾಗ, ಸಂದಿನ ಸುತ್ತ ಸೇರುವ ಉರಿಯೂತದ ಕೋಶಗಳು ಮೂಳೆಯಿಂದ ದೂರ ಉಳಿಯುತ್ತವೆ. ಅತಿಯೆ ಮತ್ತಿತರರ 2010ರ ಮೆಟಾ ವಿಶ್ಲೇಷಣೆಯಲ್ಲೂ ಇಂಥ ಇಂಪ್ಲಾಂಟ್‌ಗಳ ಸುತ್ತ ಇಳಿತ ಸರಾಸರಿ 0.37 ಮಿ.ಮೀ. ಕಡಿಮೆ ಕಂಡಿತು.

ಪರಿಣಾಮ ಇದೆ ಎಂಬುದನ್ನು ಒಪ್ಪುತ್ತೇನೆ. ಮೆಟ್ಟಿಲು ಅಗಲವಾದಷ್ಟೂ ಮೂಳೆ ಹೆಚ್ಚು ಉಳಿಯುತ್ತದೆ ಎಂಬ ಮುಂದಿನ ಹೆಜ್ಜೆಗೆ ನನ್ನ ಆಕ್ಷೇಪ. ಇದಕ್ಕೆ ಎಲ್ಲರೂ ಆಧಾರವಾಗಿ ಮುಂದಿಡುವುದು ಕನುಲ್ಲೊ ಮತ್ತು ಸಂಗಡಿಗರ 2010ರ ಅಧ್ಯಯನ. ಅದರ ವಿನ್ಯಾಸವನ್ನು ಹತ್ತಿರದಿಂದ ನೋಡಬೇಕು. ಇಂಪ್ಲಾಂಟ್‌ಗಳ ವ್ಯಾಸ 3.8, 4.3, 4.8 ಮತ್ತು 5.5 ಮಿ.ಮೀ.; ಎಲ್ಲಕ್ಕೂ 3.8ರ ಅಬಟ್‌ಮೆಂಟ್. ಹಾಗಾಗಿ ಮೆಟ್ಟಿಲಿನ ಅಗಲ ಪ್ರತಿ ಬದಿಗೆ ಕ್ರಮವಾಗಿ ಸೊನ್ನೆ, 0.25, 0.5 ಮತ್ತು 0.85 ಮಿ.ಮೀ. ಮೆಟ್ಟಿಲು ಹಿಗ್ಗಿದಂತೆ ಮೂಳೆಯ ಇಳಿತ ತಗ್ಗಿದ್ದು ನಿಜ. ಆದರೆ ಮೆಟ್ಟಿಲು ಹಿಗ್ಗಿದಲ್ಲೆಲ್ಲ ಇಂಪ್ಲಾಂಟೂ ಹಿಗ್ಗಿದೆ. ದಪ್ಪದ ಇಂಪ್ಲಾಂಟ್ ಜಗಿತದ ಭಾರವನ್ನು ಮೂಳೆಯ ಅಂಚಿನ ಹೆಚ್ಚು ವಿಸ್ತಾರಕ್ಕೆ ಹಂಚುತ್ತದೆ. ಎರಡರಲ್ಲಿ ಯಾವುದು ಮೂಳೆಯನ್ನು ಕಾಪಾಡಿತೆಂದು ಈ ದತ್ತಾಂಶದಿಂದ ಬಿಡಿಸಿ ಹೇಳಲು ಬರುವುದಿಲ್ಲ.

ಇದಕ್ಕೆ ಉತ್ತರವೂ ಕನುಲ್ಲೊ ತಂಡದಲ್ಲೇ ಇದೆ ಎನ್ನಬಹುದು. 2009ರ ಸಣ್ಣ ಅಧ್ಯಯನದಲ್ಲಿ ಅವರು 5.5 ಮಿ.ಮೀ.ನ ಇಂಪ್ಲಾಂಟ್‌ಗಳನ್ನೇ ಎರಡೂ ಗುಂಪಿಗೆ ಹಾಕಿ, ಅಬಟ್‌ಮೆಂಟನ್ನು ಮಾತ್ರ 3.8 ಮತ್ತು 5.5 ಎಂದು ಬದಲಿಸಿದ್ದರು; ಕಿರಿದಾದದ್ದೇ ಗೆದ್ದಿತು. ಮೆಟ್ಟಿಲಿಗೆ ತನ್ನದೇ ಪಾತ್ರವಿದೆ ಎನ್ನಲು ಇದು ಬಲವಾದ ಸಾಕ್ಷ್ಯ, ಇದನ್ನು ತಳ್ಳಿಹಾಕುವಂತಿಲ್ಲ. ಆದರೆ ಅವು ಹಲ್ಲು ಕಿತ್ತ ಗುಳಿಯಲ್ಲೇ ತಕ್ಷಣ ಕೂರಿಸಿದವು. ಅಲ್ಲಿನ ಮೂಳೆ ಇಂಪ್ಲಾಂಟ್ ಇರಲಿ ಬಿಡಲಿ ತನ್ನಷ್ಟಕ್ಕೆ ಆಕಾರ ಬದಲಿಸುತ್ತಿರುತ್ತದೆ. ಅಲ್ಲದೆ ಅದು ಮೆಟ್ಟಿಲು ಇದೆಯೋ ಇಲ್ಲವೋ ಎಂಬುದನ್ನು ಅಳೆಯಿತೇ ಹೊರತು ಎಷ್ಟು ಅಗಲವಿರಬೇಕು ಎಂಬುದನ್ನಲ್ಲ.

ಹರ್ಮನ್ ಮತ್ತಿತರರ 2001ರ ಪ್ರಯೋಗಕ್ಕೆ ಈ ಚರ್ಚೆಯಲ್ಲಿ ಸಿಗಬೇಕಾದ ಜಾಗ ಸಿಕ್ಕಿಲ್ಲ. ಸಂದು 10 ಮೈಕ್ರಾನ್‌ಗಿಂತ ಕಡಿಮೆ, 50, 100 ಎಂದು ಮೂರು ಅಳತೆಯ ಜೋಡಣೆಗಳು. ಅರ್ಧಕ್ಕೆ ಅಬಟ್‌ಮೆಂಟನ್ನು ಲೇಸರ್‌ನಿಂದ ಬೆಸೆದಿದ್ದರು, ಇನ್ನರ್ಧಕ್ಕೆ ಸ್ಕ್ರೂ ಮಾತ್ರ. ಸಂದು ಎಷ್ಟು ದೊಡ್ಡದು ಎಂಬುದರಿಂದ ಮೂಳೆಗೆ ಹೇಳಿಕೊಳ್ಳುವ ವ್ಯತ್ಯಾಸವಾಗಲಿಲ್ಲ. ಬೆಸೆದಿದೆಯೇ ಇಲ್ಲವೇ ಎಂಬುದರಿಂದ ಆಯಿತು. ಅಂದರೆ ಮೂಳೆಗೆ ತೊಂದರೆ ಕೊಟ್ಟದ್ದು ಜೋಡಣೆಯ ಅಲುಗಾಟ. ಪ್ಲಾಟ್‌ಫಾರ್ಮ್ ಸ್ವಿಚಿಂಗ್‌ನ ಹಲವು ವಿನ್ಯಾಸಗಳಲ್ಲಿ ಜೋಡಣೆ ಶಂಕುವಿನಾಕಾರದ್ದು, ಒಳಗೆ ಕಚ್ಚಿ ಕೂರುವಂಥದ್ದು. ಹೋಲಿಕೆಗೆ ಎದುರಿಟ್ಟದ್ದು ಎಷ್ಟೋ ಬಾರಿ ಹಳೆಯ, ಹೊರಗಿನ ಷಟ್ಕೋನದ ಜೋಡಣೆ. ಅಲ್ಲಿ ಮೆಟ್ಟಿಲಿನ ಜತೆಗೆ ಬಿಗಿಯೂ ಬದಲಾಗಿರುತ್ತದೆ.

ವ್ಯಾಸ ಮತ್ತು ಬಿಗಿಯ ನಂತರ ಲೆಕ್ಕಕ್ಕೆ ಬರಬೇಕಾದ ಮೂರನೆಯದು ವಸಡಿನ ದಪ್ಪ. ನಾಯಿಗಳಲ್ಲಿ ವಸಡನ್ನು 2 ಮಿ.ಮೀ. ಅಥವಾ ಅದಕ್ಕೂ ಕಡಿಮೆಗೆ ತೆಳುವಾಗಿಸಿದಾಗ, ವಸಡು ಇಂಪ್ಲಾಂಟ್‌ಗೆ ಅಂಟಿಕೊಳ್ಳಲು ಬೇಕಾದ ಎತ್ತರ ಒದಗಿಸಲು ಮೂಳೆಯೇ ಹಿಂದೆ ಸರಿಯಿತು ಎಂದು ಬರ್ಗ್‌ಲುಂಡ್ ಮತ್ತು ಲಿಂಡೆ 1996ರಲ್ಲಿ ತೋರಿಸಿದ್ದರು. ಲಿಥುವೇನಿಯಾದ ಲಿಂಕೆವಿಚಿಯಸ್ ತಂಡ 2010ರಲ್ಲಿ ತೆಳು ವಸಡಿನವರಲ್ಲಿ ಮಾಡಿದ ಪುಟ್ಟ ಅಧ್ಯಯನದಲ್ಲಿ, ಮೆಟ್ಟಿಲಿದ್ದ ಇಂಪ್ಲಾಂಟ್‌ಗಳ ಸುತ್ತಲೂ ಮೂಳೆ ಇಳಿಯಿತು.

ಆದ್ದರಿಂದ ನನ್ನ ವಾದ ಇಷ್ಟು: ಮೆಟ್ಟಿಲು ಸ್ವತಂತ್ರವಾಗಿ ಮೂಳೆಯನ್ನು ಕಾಯುವುದಿಲ್ಲ, ಜೋಡಣೆ ಅಲುಗದೆ, ವಸಡು ಸಾಕಷ್ಟು ದಪ್ಪವಿದ್ದಲ್ಲಿ ಮಾತ್ರ ಅದು ನೆರವಾಗುತ್ತದೆ. ಇದನ್ನು ಸಿದ್ಧಾಂತವೆಂದು ಮಂಡಿಸುವ ಧೈರ್ಯ ನನಗಿಲ್ಲ. ಬೆಸುಗೆಯ ಪ್ರಯೋಗ ನಡೆದದ್ದು ಪ್ರಾಣಿಗಳಲ್ಲಿ, ಅದೂ ಜಗಿತದ ಭಾರವೇ ಬೀಳದ ಇಂಪ್ಲಾಂಟ್‌ಗಳ ಮೇಲೆ. ಲಿಥುವೇನಿಯಾದ ಅಧ್ಯಯನದ ಗಾತ್ರ ತೀರ್ಪಿಗೆ ಸಾಲದು. 2009ರ ಫಲಿತಾಂಶವಂತೂ ನನ್ನ ವಾದಕ್ಕೆ ಅರ್ಧ ಎದುರಾಗಿಯೇ ನಿಲ್ಲುತ್ತದೆ.

ಅಳತೆಯ ಮಾತೊಂದು ಉಳಿಯಿತು. ಹಳೆಯ ಬ್ರೋನೆಮಾರ್ಕ್ ಇಂಪ್ಲಾಂಟ್‌ನ ಎರಡು ಥ್ರೆಡ್‌ಗಳ ನಡುವಿನ ಅಂತರ 0.6 ಮಿ.ಮೀ.; ನಾವು ಚರ್ಚಿಸುತ್ತಿರುವ 0.37 ಅದಕ್ಕಿಂತ ಕಡಿಮೆ. ಎಕ್ಸ್‌ರೇಯಲ್ಲಿ ಎರಡೂ ಬದಿಯ ಥ್ರೆಡ್‌ಗಳು ಚೂಪಾಗಿ ಕಂಡರೆ ಕಿರಣ ನೇರ ಬಿದ್ದಿದೆ ಎಂದರ್ಥ. ಒಂದು ಬದಿ ಮಸುಕಾದರೂ ಆ ಚಿತ್ರದ ಅಳತೆ ನಂಬಲರ್ಹವಲ್ಲ. ಚೂಪಾಗಿ ಬಂದ ಚಿತ್ರವೂ ಅಕ್ಕಪಕ್ಕದ ಹಲ್ಲುಗಳ ಕಡೆಯ ಮೂಳೆಯನ್ನಷ್ಟೇ ತೋರಿಸುತ್ತದೆ. ತುಟಿ ಕಡೆಯ ತೆಳು ಗೋಡೆ ಇಂಪ್ಲಾಂಟ್‌ನ ನೆರಳಲ್ಲಿ ಮರೆಯಾಗಿರುತ್ತದೆ.

ಒಂದೇ ವ್ಯಾಸ, ಒಂದೇ ಶಂಕು ಜೋಡಣೆ, ಶಸ್ತ್ರಚಿಕಿತ್ಸೆಯ ವೇಳೆಯಲ್ಲೇ ಅಳೆದ ವಸಡು, ಬದಲಾಗುವುದು ಅಬಟ್‌ಮೆಂಟ್‌ನ ಅಗಲ ಮಾತ್ರ: ಇಂಥ ಪ್ರಯೋಗ ಮಾಯ್ದ ದವಡೆಯಲ್ಲಿ ನಡೆದರೆ ಮೇಲಿನ ವಾದ ನಿಲ್ಲುತ್ತದೋ ಬೀಳುತ್ತದೋ ತಿಳಿಯಬಹುದು. ಆಗಲೂ ತುಟಿ ಕಡೆಯ ಗೋಡೆಯ ಪ್ರಶ್ನೆ ಇತ್ಯರ್ಥವಾಗದೆ ಉಳಿಯುತ್ತದೆ.